ಆಟದ ರೈಲಿಗೆ ಇಷ್ಟು ದೊಡ್ಡ ಸೇತುವೆ ಏಕೆ?

ಕಳೆದ ವರ್ಷ ನಮ್ಮ ಶಾಲೆಯ ವಸ್ತುಪ್ರದರ್ಶನದ ದಿನ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಪ್ರಶ್ನೆ ಕೇಳಿದರು. ಪೀಣ್ಯದಲ್ಲಿ ಸಣ್ಣ ಕಾರ್ಖಾನೆಯೊಂದನ್ನು ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವರು. ಮೊಮ್ಮಗನ ಜೊತೆ ಬಂದಿದ್ದರು. "ಎಲ್ಲ ಚೆನ್ನಾಗಿದೆ ಮೇಡಂ. ಆದರೆ ಆಟದ ರೈಲಿಗೆ ಇಷ್ಟು ದೊಡ್ಡ ಸೇತುವೆ ಏಕೆ ಬೇಕಿತ್ತು? ಈ ಹೊತ್ತಿನಲ್ಲಿ ಮಕ್ಕಳ ಕೈಲಿ ನಾಲ್ಕು ಪ್ರಶ್ನೆಪತ್ರಿಕೆ ಬಿಡಿಸಬಹುದಿತ್ತಲ್ಲ? ಅದರ ಮೇಲೆ ಹೆಣ್ಣುಮಕ್ಕಳ ಕೈಗೆ ಗರಗಸ ಬೇರೆ ಕೊಟ್ಟಿದ್ದೀರಿ" ಎಂದರು. ನಾನು ನಕ್ಕು, ಅವರಿಗೆ ಕಾಫಿ ತರಿಸಿಕೊಟ್ಟು ಸುಮ್ಮನಾದೆ. ಪಾಠ ಹೇಳುವವರಿಗೆ ಒಂದು ರೋಗವಿದೆ. ಎದುರಿಗೆ ಉತ್ತರ ಹೊಳೆಯುವುದಿಲ್ಲ. ಮನೆಗೆ ಬಂದು ಕುಕ್ಕರ್ ಇಟ್ಟ ಮೇಲೆ ಒಂದೊಂದಾಗಿ ಹೊಳೆಯುತ್ತದೆ. ಹಾಗೆ ಹೊಳೆದದ್ದನ್ನೆಲ್ಲ ಇಲ್ಲಿ ಕೂಡಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಖಾರವಾದರೆ ಓದುಗರು ಕ್ಷಮಿಸಬೇಕು.

ಮೊದಲು ಸಂಗತಿ ಏನೆಂದು ಹೇಳಿಬಿಡುತ್ತೇನೆ. ಊರು, ಸ್ಟೇಷನ್, ಗುಡ್ಡ, ಹೊಳೆ ಎಲ್ಲವನ್ನೂ ಪುಟ್ಟದಾಗಿ ಮಾಡಿ, ನಡುವೆ ಪುಟ್ಟ ಹಳಿ ಹಾಕಿ, ಕರೆಂಟಿನಲ್ಲಿ ಓಡುವ ಪುಟ್ಟ ರೈಲು ಬಿಡುವ ಹವ್ಯಾಸ ಒಂದಿದೆ. ಹಾಗೆ ಕಟ್ಟಿದ ಇಡೀ ಜಗತ್ತನ್ನು ಹವ್ಯಾಸಿಗಳು 'ಲೇಔಟ್' ಎನ್ನುತ್ತಾರೆ. "ನಮ್ಮ ಶಾಲೆಯಲ್ಲಿ ಒಂದು ಲೇಔಟ್ ಮಾಡುತ್ತಿದ್ದೇವೆ" ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಗಣಿತದ ಮೇಷ್ಟರು, "ಥರ್ಟಿ-ಫಾರ್ಟಿ ಸೈಟಿಗೆ ಎಷ್ಟು ಹೇಳ್ತಿದ್ದೀರಿ ಮೇಡಂ? ಖಾತಾ ಕ್ಲಿಯರ್ ಇದೆಯಾ?" ಎಂದು ಕೇಳಿದರು. ಬೆಂಗಳೂರಿನ ಹೊರವಲಯದಲ್ಲಿ ಆ ಮಾತಿಗೆ ಬೇರೆ ಅರ್ಥವೇ ಇಲ್ಲ.

ಈ ಹವ್ಯಾಸದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಯೆಂದರೆ ನಿಜದ ರೈಲಿನ 87ನೆಯ ಒಂದು ಭಾಗ. ಪುಣೆಯಲ್ಲಿ ಬಿ.ಎಸ್. ಜೋಶಿ ಎಂಬುವವರ ಇಂಥ ಹವ್ಯಾಸವೇ ಬೆಳೆದು 1998ರಲ್ಲಿ ಪುಟ್ಟ ರೈಲುಗಳ ಒಂದು ವಸ್ತುಸಂಗ್ರಹಾಲಯವಾಯಿತು. ಎಂಜಿನ್, ಡಬ್ಬಿಗಳನ್ನು ಅಂಗಡಿಯಲ್ಲಿ ಕೊಳ್ಳಬಹುದು. ಸೇತುವೆಯನ್ನು ಮಾತ್ರ ಹವ್ಯಾಸಿಗಳು ತಾವೇ ಕಟ್ಟಲು ಇಷ್ಟಪಡುತ್ತಾರೆ, ಅದರಲ್ಲೂ ದೊಡ್ಡ ಸೇತುವೆಯನ್ನು. ದೊಡ್ಡದೆಂದರೆ ಎಷ್ಟು? ಹೊನ್ನಾವರದಲ್ಲಿ ಶರಾವತಿಯ ಮೇಲಿರುವ ಕೊಂಕಣ ರೈಲ್ವೆಯ ಸೇತುವೆ ಎರಡು ಕಿಲೋಮೀಟರಿಗಿಂತ ತುಸು ಹೆಚ್ಚು ಉದ್ದ. ಅದನ್ನು 87ರಿಂದ ಭಾಗಿಸಿ ನೋಡಿ. 23 ಮೀಟರ್ ದಾಟುತ್ತದೆ. ನಮ್ಮ ಶಾಲೆಯ ಮೂರು ತರಗತಿಗಳ ಗೋಡೆ ಒಡೆದರೂ ಸಾಲದು. ಜಮ್ಮು-ಕಾಶ್ಮೀರದ ಚಿನಾಬ್ ಸೇತುವೆ ನದಿಯಿಂದ 359 ಮೀಟರ್ ಎತ್ತರದಲ್ಲಿದೆ. ಭಾಗಿಸಿದರೆ 4 ಮೀಟರಿಗೂ ಹೆಚ್ಚು. ಛಾವಣಿ ತೂತು ಮಾಡಬೇಕು. ಆದ್ದರಿಂದ ಕಟ್ಟುವವರು ಇಪ್ಪತ್ತು ಅಂಕಣಗಳಿದ್ದರೆ ನಾಲ್ಕು ಸಾಕು ಎಂದು ಕಡಿಮೆ ಮಾಡುತ್ತಾರೆ. ಆದರೆ ಒಂದೊಂದು ಅಂಕಣದ ಆಕಾರ, ಕಂಬಿಗಳ ದಪ್ಪ, ಅವು ಕೂಡುವ ಕೋನ ಇವನ್ನು ಬಿಟ್ಟುಕೊಡುವುದಿಲ್ಲ. ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎಂದು ಹತ್ತು ಸಲ ಯೋಚಿಸಬೇಕು. ಪ್ರಶ್ನೆಪತ್ರಿಕೆ ಬಿಡಿಸುವುದರಲ್ಲಿ ಈ ಯೋಚನೆ ಎಲ್ಲಿದೆ, ನೀವೇ ಹೇಳಿ.

ನನಗೆ ಈ ಹುಚ್ಚು ಹತ್ತಿದ್ದು ವೈಟ್‌ಫೀಲ್ಡಿನಲ್ಲಿ. 2023ರ ಅಕ್ಟೋಬರಿನಲ್ಲಿ ಅಲ್ಲಿಯವರೆಗೆ ಮೆಟ್ರೋ ಪೂರ್ತಿಯಾದ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, "ಈಗ ನೆಪ ಹೇಳೋ ಹಾಗಿಲ್ಲ ಮಿಸ್, ಬರಲೇಬೇಕು" ಎಂದು ಕರೆದಳು. ದಾಸರಹಳ್ಳಿಯಲ್ಲಿ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಕೆ.ಆರ್. ಪುರದ ತೂಗುಸೇತುವೆ ನೋಡಿಕೊಂಡು ಹೋದೆ. ಅವಳೂ ಗಂಡನೂ ಸಾಫ್ಟ್‌ವೇರಿನವರು. ಮೂರು ಮಲಗುವ ಕೋಣೆಗಳ ಫ್ಲಾಟಿನಲ್ಲಿ ಒಂದು ಕೋಣೆ ಪೂರ್ತಿ ರೈಲಿನದು. ಆರಡಿ ಉದ್ದದ ಕಮಾನು ಸೇತುವೆ; ಅದರ ಮೇಲೆ ಆರು ಡಬ್ಬಿಗಳ ರೈಲು ಹಾದುಹೋದಾಗ ನಾನು ಬಾಯಿ ತೆರೆದುಕೊಂಡು ನಿಂತುಬಿಟ್ಟೆ. ಆತ ಬಹಳ ಒಳ್ಳೆಯ ಮನುಷ್ಯ. ಒಂದೊಂದನ್ನೂ ತಾಳ್ಮೆಯಿಂದ ವಿವರಿಸಿದರು. ನಾನು ನನ್ನ ಹುಡುಗಿಯ ಕಡೆ ತಿರುಗಿ, "ನೀನು ಇದರಲ್ಲಿ ಏನು ಮಾಡಿದೆಯೇ?" ಎಂದು ಕೇಳಿದೆ.

"ನಾನಾ? ಧೂಳು ಒರೆಸೋದು ಮಿಸ್. ಸೇತುವೆ ಸಂದಿಗೆ ಬಟ್ಟೆ ಹೋಗಲ್ಲ, ಅದಕ್ಕೇ ಅಂತ ಒಂದು ಹಳೇ ಟೂತ್‌ಬ್ರಷ್ ಇಟ್ಟಿದ್ದೀನಿ."

"ಕಟ್ಟೋಕೆ ಮನಸ್ಸಾಗಲಿಲ್ವಾ?"

"ಟೈಮ್ ಎಲ್ಲಿದೆ ಮಿಸ್?"

ಈಕೆ ನಮ್ಮ ಶಾಲೆಯಲ್ಲಿ ಗಣಿತಕ್ಕೆ ಮೊದಲಿಗಳು, ಇಂಜಿನಿಯರಿಂಗ್ ಓದಿದವಳು. ಗಂಡ ಹೆಂಡತಿ ಇಬ್ಬರಿಗೂ ಒಂದೇ ರೀತಿಯ ಕೆಲಸ, ಒಂದೇ ರೀತಿಯ ರಜೆ. ಆದರೆ ಆತನ ಶನಿವಾರ ಸೇತುವೆಗೆ, ಈಕೆಯ ಶನಿವಾರ ವಾಷಿಂಗ್ ಮೆಷಿನ್ನಿಗೆ, ಮಗುವಿನ ಡ್ರಾಯಿಂಗ್ ಕ್ಲಾಸಿಗೆ, ಅತ್ತೆಯ ರಕ್ತಪರೀಕ್ಷೆಗೆ. ನಮ್ಮ ಮನೆಗಳಲ್ಲಿ ಗಂಡಸಿನ ಹವ್ಯಾಸಕ್ಕೆ ಒಂದು ಕೋಣೆ ಸಿಗುತ್ತದೆ. ಹೆಂಗಸಿನ ಹವ್ಯಾಸ ಮಂಚದ ಕೆಳಗಿನ ಬಿಸ್ಕತ್ ಡಬ್ಬಿಯಲ್ಲಿ ಹಿಡಿಸಬೇಕು: ಸೂಜಿ, ದಾರ, ನಾಲ್ಕು ಮಣಿ. ಯಾರಾದರೂ ಊಟಕ್ಕೆ ಕೂಗಿದರೆ ಥಟ್ಟನೆ ಮುಚ್ಚಿಟ್ಟು ಏಳುವಂತಿರಬೇಕು. ದೊಡ್ಡ ಸೇತುವೆ ಹಾಗೆ ಮುಚ್ಚಿಡಲು ಬರುವುದಿಲ್ಲ. ಅಂಟು ಒಣಗುವವರೆಗೆ ಅದು ಮೇಜಿನ ಮೇಲೆಯೇ ಇರಬೇಕು; ಅದಕ್ಕೆ ಜಾಗ ಬೇಕು, ಬಿಡುವು ಬೇಕು. ಹೊರಡುವಾಗ ಆತ ತಮ್ಮ ಹಳೆಯದೊಂದು ಎಂಜಿನ್ನನ್ನೂ ಎರಡು ಡಬ್ಬಿಗಳನ್ನೂ ನನ್ನ ಕೈಗೆ ಕೊಟ್ಟು, "ನಿಮ್ಮ ಮಕ್ಕಳಿಗೆ ಇರಲಿ ಮೇಡಂ" ಎಂದರು. ಆ ಉಪಕಾರವನ್ನು ಮರೆಯುವವಳಲ್ಲ. ಆದರೆ ಮೆಟ್ರೋದಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ನನಗೆ ಕಂಡದ್ದು ಆ ಟೂತ್‌ಬ್ರಷ್.

ಕಂಡದ್ದಕ್ಕೆ ಕಾರಣವಿದೆ. ನನ್ನಪ್ಪ ಸಕಲೇಶಪುರದ ಆಚೆ ದೋಣಿಗಾಲ್ ಹತ್ತಿರ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. 1979ರಲ್ಲಿ ಹಾಸನ–ಮಂಗಳೂರು ರೈಲು ಶುರುವಾದಾಗ ನನಗೆ ಎಂಟು ವರ್ಷ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟದಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಅಪ್ಪ ಅಣ್ಣನನ್ನು ಕರೆದುಕೊಂಡು ಸೇತುವೆ ನೋಡಲು ಹೋದರು. ನಾನು ಅತ್ತಾಗ, "ಕಾಡುದಾರಿ, ಹೆಣ್ಣುಮಗು ಬೇಡ" ಎಂದರು. ಬಂದ ಮೇಲೆ ಅಣ್ಣ ಜಗಲಿಯಲ್ಲಿ ಬಿದಿರಿನ ಸೀಳುಗಳಿಂದ ಸೇತುವೆ ಕಟ್ಟತೊಡಗಿದ. ಅಂಟಿಸುವುದಕ್ಕೆ ಒಲೆಯ ಮೇಲಿನಿಂದ ಗಂಜಿ ತಂದುಕೊಡುವುದು ನನ್ನ ಪಾಲಿನ ಕೆಲಸವಾಯಿತು. ಮದುವೆಯಾದ ಮೇಲೆ ಅದೇ ದಾರಿಯಲ್ಲಿ ರೈಲಿನಲ್ಲಿ ಹೋದೆನಾದರೂ ಆಗ ರಾತ್ರಿ. ರೈಲಿನ ಸದ್ದು ಬದಲಾದಾಗ 'ಇದು ಸೇತುವೆ' ಎಂದುಕೊಂಡೆ, ಅಷ್ಟೆ. ಹಳಿ ಅಗಲ ಮಾಡುವುದಕ್ಕಾಗಿ ಆ ರೈಲು ನಿಂತು, 2007ರ ಡಿಸೆಂಬರಿನಲ್ಲಿ ಮತ್ತೆ ಶುರುವಾಯಿತು. ಅದಾದ ಎಷ್ಟೋ ದಿನಕ್ಕೆ, ನಲವತ್ತು ದಾಟಿದ ಮೇಲೆ, ಹಗಲು ರೈಲಿನ ಕಿಟಕಿಯಿಂದ ಆ ಸೇತುವೆಗಳನ್ನು ಕಣ್ಣಾರೆ ಕಂಡೆ. ಎಂಟನೆಯ ವಯಸ್ಸಿನಲ್ಲಿ ಕಂಡಿದ್ದರೆ ನಾನು ಏನಾಗುತ್ತಿದ್ದೆನೋ ಗೊತ್ತಿಲ್ಲ. ಬಹುಶಃ ಬಿ.ಎ., ಬಿ.ಎಡ್. ಮಾಡಿ ಸಮಾಜ ವಿಜ್ಞಾನವನ್ನೇ ಪಾಠ ಮಾಡುತ್ತಿದ್ದೆ. ಆದರೆ ಕಾಣುವ ಹಕ್ಕು ನನಗೂ ಇತ್ತು.

ಇಷ್ಟೆಲ್ಲ ಗೊತ್ತಿದ್ದವಳು ನಾನೇನು ಮಾಡಿದೆ ಕೇಳಿ. ಶಾಲೆಯಲ್ಲಿ ಹೊಲಿಗೆ ತರಗತಿ ನಿಂತುಹೋಗಿ ಖಾಲಿ ಬಿದ್ದಿದ್ದ ಕೋಣೆಯನ್ನು ಕೇಳಿ ಪಡೆದೆ. ಕೆಲಸ ಹಂಚುವಾಗ ಗಂಡುಹುಡುಗರಿಗೆ ಗರಗಸ, ಇಕ್ಕಳ, ವೈರು ಕೊಟ್ಟೆ. ಹೆಣ್ಣುಹುಡುಗಿಯರಿಗೆ ಹಸಿರು ಬಣ್ಣ ಹಚ್ಚಿದ ಮರದ ಹೊಟ್ಟು, ಅಂಟು, ಕಾಗದದ ಮನೆಗಳು. ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಮೂರನೆಯ ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಮೇಜಿನ ಹತ್ತಿರ ಬಂದು, "ಮಿಸ್, ನಾನು ಬರೀ ಮರ ಅಂಟಿಸೋದಾ?" ಎಂದು ಕೇಳಿದಳು. ದೋಣಿಗಾಲಿನ ಗಂಜಿಯ ಬಟ್ಟಲು ನನ್ನ ಕೈಯಲ್ಲೇ ಇದ್ದಂತಾಯಿತು. ನಮ್ಮಪ್ಪ ನನಗೆ ಮಾಡಿದ್ದನ್ನೇ ನಾನು ಇಪ್ಪತ್ತು ಹುಡುಗಿಯರಿಗೆ ಮಾಡುತ್ತಿದ್ದೆ, ಅದೂ ಪ್ರೀತಿಯಿಂದಲೇ.

ಅವಳ ತಂದೆ ಪೀಣ್ಯದ ಒಂದು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ವೆಲ್ಡರ್, ತಾಯಿ ಗಾರ್ಮೆಂಟ್ಸಿಗೆ ಹೋಗುವವರು. ಅವಳನ್ನು ಸೇತುವೆಯ ಗುಂಪಿಗೆ ಹಾಕಿದೆ. ಎರಡು ಮೇಜುಗಳ ನಡುವೆ ಎಂಟು ಅಡಿ ಜಾಗ ಬಿಟ್ಟು, ಎರಡು ಅಡಿ ಆಳದ ಕಣಿವೆ ಮಾಡಿ, ಎರಡೆರಡು ಅಡಿಯ ನಾಲ್ಕು ಅಂಕಣಗಳ ಸೇತುವೆ ಕಟ್ಟುವುದೆಂದು ತೀರ್ಮಾನವಾಗಿತ್ತು. ನಿಜದ ಲೆಕ್ಕದಲ್ಲಿ ಅದು 212 ಮೀಟರ್ ಉದ್ದದ ಸೇತುವೆ. ಗಾರ್ಮೆಂಟ್ಸಿನಿಂದ ಅವಳ ತಾಯಿ ತಂದುಕೊಟ್ಟ ಖಾಲಿ ದಾರದ ಕೋನ್‌ಗಳನ್ನು ಒಂದರೊಳಗೊಂದು ಕೂರಿಸಿ, ಸಿಮೆಂಟು ಹಾಲು ಸುರಿದು ಕಂಬ ಮಾಡಿದೆವು. ಹುಡುಗರು ಐಸ್‌ಕ್ರೀಂ ಕಡ್ಡಿಗಳಿಂದ ಕಿಟಕಿಯ ಚೌಕಟ್ಟಿನಂತೆ ಚೌಕ ಚೌಕವಾಗಿ ಅಂಕಣ ಕಟ್ಟಿದ್ದರು. ಮೇಲೆ ನಾಲ್ಕು ಪುಸ್ತಕ ಇಟ್ಟೊಡನೆ ಚೌಕಗಳೆಲ್ಲ ಒಂದು ಕಡೆಗೆ ವಾಲಿ ಕುಸಿದವು. ಇವಳು ನೋಡಿ, "ಮೂಲೆಯಿಂದ ಮೂಲೆಗೆ ಓರೆ ಕಡ್ಡಿ ಹಾಕಬೇಕು ಮಿಸ್" ಎಂದಳು. ಹೇಗೆ ಗೊತ್ತು ಎಂದರೆ, "ನಮ್ಮನೆ ಶೀಟ್ ಬಾಗಿಲು ಸೊಟ್ಟ ಆಗ್ತಿತ್ತು. ಅಪ್ಪ ಓರೆಯಾಗಿ ಒಂದು ಪಟ್ಟಿ ವೆಲ್ಡ್ ಮಾಡಿದ ಮೇಲೆ ಸರಿಹೋಯ್ತು."

ಚೌಕ ಆಕಾರಗೆಡುತ್ತದೆ, ತ್ರಿಕೋನ ಕೆಡುವುದಿಲ್ಲ. ಜಗತ್ತಿನ ಕಬ್ಬಿಣದ ಸೇತುವೆಗಳಲ್ಲಿ ಹಲ್ಲುಹಲ್ಲಾಗಿ ಕಾಣುವ ತ್ರಿಕೋನಗಳ ಗುಟ್ಟು ಇಷ್ಟೆ. ಮುಂದಿನದನ್ನು ನಾವೆಲ್ಲ ಸೇರಿ ಕಲಿತೆವು. ಓರೆ ಕಡ್ಡಿಗಳನ್ನು ಒಂದೊಂದಾಗಿ ತೆಗೆದು ಆ ಜಾಗಕ್ಕೆ ದಾರ ಕಟ್ಟಿ, ಮೇಲೆ ಭಾರ ಇಟ್ಟು ನೋಡುವುದು. ದಾರ ಬಿಗಿಯಾದರೆ ಅಲ್ಲಿ ಎಳೆತವಿದೆ, ತೆಳು ಪಟ್ಟಿ ಸಾಕು. ದಾರ ಜೋಲುಬಿದ್ದರೆ ಅಲ್ಲಿ ಒತ್ತಡವಿದೆ, ಗಟ್ಟಿ ಕಡ್ಡಿಯೇ ಬೇಕು. ನನಗೆ ಐವತ್ತು ದಾಟಿದ ಮೇಲೆ ಹೀಗೆ ಒಂದು ಸೇತುವೆಯ ಒಳಗು ಅರ್ಥವಾಯಿತು. ಕೊನೆಗೆ ಎರಡು ಅಡಿಯ ಒಂದು ಅಂಕಣಕ್ಕೆ ಬಕೆಟ್ ತೂಗುಹಾಕಿ ಲೋಟದಲ್ಲಿ ಮರಳು ಸುರಿಯುತ್ತ ಹೋದೆವು. 19 ಕಿಲೋ ಆದಾಗ ಮುರಿಯಿತು. ನಮ್ಮ ಎಂಜಿನ್ ಅರ್ಧ ಕಿಲೋ ಸಹ ಇಲ್ಲ. ಹುಡುಗಿಯರು ಆ ದಿನ ಕೂಗಿದ ಕೂಗಿಗೆ ಪಕ್ಕದ ತರಗತಿಯವರು ಓಡಿಬಂದರು.

ಆದರೂ ಪ್ರದರ್ಶನಕ್ಕೆ ಎರಡು ದಿನ ಇರುವಾಗ ಎಂಜಿನ್ ಹಳಿ ತಪ್ಪಿ ಬಿತ್ತು. ಸೇತುವೆಯ ಮೇಲಲ್ಲ, ಸೇತುವೆಗೆ ಏರುವ ದಾರಿ ಶುರುವಾಗುವಲ್ಲಿ. ಘಟ್ಟದ ರೈಲು 50ಕ್ಕೆ 1ರಂತೆ ಏರುತ್ತದೆ. ನಾವೂ ಹಾಗೆಯೇ ಸ್ಟೇಷನ್ನಿನಿಂದ ಸೇತುವೆಗೆ 8 ಸೆಂಟಿಮೀಟರ್ ಏರಿಸಿದ್ದೆವು. ಅಷ್ಟು ಏರಲು 4 ಮೀಟರ್ ಹಳಿ ಬೇಕು. ಅಂದರೆ ಸೇತುವೆಯ ಕೆಲಸ ಸೇತುವೆಯಿಂದ ಹದಿಮೂರು ಅಡಿ ಹಿಂದೆಯೇ ಶುರುವಾಗುತ್ತದೆ. ಮಟ್ಟಸ ಹಳಿ ಥಟ್ಟನೆ ಏರುಹಳಿಯಾದ ಜಾಗದಲ್ಲಿ ಎಂಜಿನ್ನಿನ ಚಕ್ರ ಎದ್ದುಬಿಡುತ್ತಿತ್ತು. ನನ್ನ ಹುಡುಗಿ ನೆಲದ ಮೇಲೆ ಕೆನ್ನೆಯಿಟ್ಟು ಹಳಿಯನ್ನೇ ನೋಡಿ ಅದನ್ನು ಪತ್ತೆಹಚ್ಚಿದಳು. ಸ್ಟಾಫ್ ರೂಮಿನಲ್ಲಿದ್ದ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಮೊದಲು ಒಂದು, ಮುಂದೆ ಎರಡು, ಆಮೇಲೆ ಮೂರು ಎಂದು ಹಳಿಯ ಕೆಳಗೆ ಕೊಟ್ಟು ಏರನ್ನು ನಯವಾಗಿಸಿದಳು. ಆಮೇಲೆ ಎಂಜಿನ್ ಒಂದು ಸಲವೂ ಬೀಳಲಿಲ್ಲ.

ಈಗ ಆ ಹಿರಿಯರ ಪ್ರಶ್ನೆಗೆ ಬರುತ್ತೇನೆ. ವಸ್ತುಪ್ರದರ್ಶನಗಳಲ್ಲಿ ನೀವೂ ನೋಡಿರುತ್ತೀರಿ: ಥರ್ಮೋಕೋಲಿನ ಸೇತುವೆ, ಮಿನುಗುವ ಸೀರಿಯಲ್ ಬಲ್ಬು, ಬಣ್ಣದ ಪುಡಿಯ ನದಿ. ಅಂಗಡಿಯಲ್ಲಿ ದುಡ್ಡು ಕೊಟ್ಟು ಮಾಡಿಸಿದ್ದು, ಇಲ್ಲವೇ ಅಪ್ಪ ಅಮ್ಮ ರಾತ್ರಿಯೆಲ್ಲ ಕೂತು ಮಾಡಿದ್ದು. ಮಗು ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತದೆ, ತೀರ್ಪುಗಾರರು ಅಂದ ನೋಡಿ ಬಹುಮಾನ ಕೊಡುತ್ತಾರೆ. ಆ ಸೇತುವೆಯ ಮೇಲೆ ಒಂದು ತೆಂಗಿನಕಾಯಿ ಇಟ್ಟು ನೋಡಿ ಎಂದು ನಾನು ಎಲ್ಲ ತೀರ್ಪುಗಾರರನ್ನೂ ಕೈಮುಗಿದು ಕೇಳಿಕೊಳ್ಳುತ್ತೇನೆ. ಸೇತುವೆಯ ಅಂದ ಹೊರಗಿನಿಂದ ಅರ್ಧ ಮಾತ್ರ ಕಾಣುತ್ತದೆ. ನಮ್ಮ ಪೀಣ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಮಕೂರು ರಸ್ತೆಯ ಮೇಲ್ಸೇತುವೆ ಕೆಳಗಿನಿಂದ ನೋಡುವವರಿಗೆ ಸೊಗಸಾಗಿಯೇ ಇತ್ತು. 2021ರ ಡಿಸೆಂಬರಿನಲ್ಲಿ ಅದರ ಕಾಂಕ್ರೀಟಿನೊಳಗಿನ ಬಿಗಿತಂತಿಗಳಲ್ಲಿ ದೋಷ ಕಂಡು ಸಂಚಾರ ನಿಲ್ಲಿಸಿದರು. 2022ರ ಫೆಬ್ರವರಿಯಲ್ಲಿ ಕಾರು, ಬೈಕುಗಳಿಗೆ ಮಾತ್ರ ಬಿಟ್ಟರು. ಲಾರಿ, ಬಸ್ಸುಗಳು ಆಮೇಲೂ ಬಹುಕಾಲ ಕೆಳಗಿನ ರಸ್ತೆಯಲ್ಲೇ ತೆವಳಿದವು. ಒಳಗಿನ ಎಳೆತ ಒತ್ತಡಗಳನ್ನು ಬಲ್ಲ ಜನ ನಮಗೆ ಇನ್ನೂ ಬೇಕು. ಅವರು ಎಲ್ಲಿಂದ ಬರಬೇಕು? ಥರ್ಮೋಕೋಲಿನಿಂದ ಬರುವುದಿಲ್ಲ.

ಹೆಣ್ಣುಮಕ್ಕಳಿಗೆ ಸೇತುವೆ ಏಕೆ ಎನ್ನುವವರಿಗೆ ಎರಡು ಹೆಸರು ಹೇಳುತ್ತೇನೆ. ಶಕುಂತಲಾ ಭಗತ್ ಮುಂಬಯಿಯಲ್ಲಿ 1953ರಲ್ಲೇ ಸಿವಿಲ್ ಇಂಜಿನಿಯರಿಂಗ್ ಪದವಿ ಪಡೆದವರು. ಮೊದಲೇ ತಯಾರಾದ ಉಕ್ಕಿನ ತುಂಡುಗಳನ್ನು ಮಕ್ಕಳ ಆಟದ ಸೆಟ್ಟಿನಂತೆ ಜೋಡಿಸಿ ಬೇಕಾದ ಉದ್ದದ ಸೇತುವೆ ಕಟ್ಟುವ ಕ್ರಮವನ್ನು ಗಂಡನ ಜೊತೆ ಸೇರಿ ರೂಪಿಸಿದರು. 1972ರಲ್ಲಿ ಹಿಮಾಚಲದ ಸ್ಪಿಟಿಯಲ್ಲಿ ಅಂಥದೊಂದು ಸೇತುವೆ ಎದ್ದಿತು. ಎರಡನೆಯವರು ನಮ್ಮ ಪಕ್ಕದಲ್ಲೇ, ಯಶವಂತಪುರದ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಪ್ರೊಫೆಸರ್ ಜಿ. ಮಾಧವಿ ಲತಾ. 2025ರ ಜೂನ್ 6ರಂದು ಉದ್ಘಾಟನೆಯಾದ ಚಿನಾಬ್ ಸೇತುವೆಗೆ, ಅಲ್ಲಿನ ಬಿರುಕು ಬಂಡೆಯ ಇಳಿಜಾರು ನಿಲ್ಲುವಂತೆ ಮಾಡಲು, ಅವರು 17 ವರ್ಷ ಸಲಹೆ ಕೊಟ್ಟರು. ಪತ್ರಿಕೆಗಳೆಲ್ಲ ಹೊಗಳಿದಾಗ, ಈ ಕೆಲಸಕ್ಕೆ ಮೆಚ್ಚುಗೆ ಸಲ್ಲಬೇಕಾದ ಸಾವಿರಾರು ಜನರಲ್ಲಿ ತಾನೂ ಒಬ್ಬಳು ಅಷ್ಟೆ ಎಂದರು.

ಇಷ್ಟು ಬರೆದು ನನ್ನ ಗೆಲುವಿನ ಕತೆ ಹೇಳುತ್ತೇನೆಂದು ನೀವು ಕಾಯಬೇಡಿ. ಆ ಹುಡುಗಿ ಎಸ್ಸೆಸ್ಸೆಲ್ಸಿ ಚೆನ್ನಾಗಿಯೇ ಪಾಸಾದಳು. ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಡಿಪ್ಲೊಮಾ ಮಾಡುವ ಆಸೆ ಅವಳದು. ಅರ್ಜಿ ನಾನೇ ತಂದುಕೊಟ್ಟೆ. ಅವಳ ತಾಯಿ ಶಾಲೆಗೆ ಬಂದು, "ಸಿವಿಲ್ ಅಂದ್ರೆ ಬಿಸಿಲಲ್ಲಿ ಸೈಟಲ್ಲಿ ನಿಲ್ಲೋ ಕೆಲಸ ಅಲ್ವಾ ಮೇಡಂ? ಹೆಣ್ಣುಹುಡುಗಿಗೆ ಆಗ್ತದಾ? ನಾಳೆ ಗಂಡಿನ ಕಡೆಯವರು ಏನಂತಾರೆ?" ಎಂದರು. ನಾನು ಎಷ್ಟು ಹೇಳಿದರೂ ಆಗಲಿಲ್ಲ. ಹುಡುಗಿ ಈಗ ಪಿಯುಸಿಯಲ್ಲಿ ಕಾಮರ್ಸ್ ಓದುತ್ತಿದ್ದಾಳೆ. ಆ ತಾಯಿಯ ಮೇಲೆ ನನಗೆ ಕೋಪವಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಮೆಷಿನ್ನಿನ ಮುಂದೆ ಕೂತು ದುಡಿಯುವ ಹೆಂಗಸು ಮಗಳಿಗೆ ನೆರಳು ಬಯಸಿದರೆ ತಪ್ಪೇನು? ನನ್ನ ಕೋಪವೆಲ್ಲ ಅವರ ಬಾಯಲ್ಲಿ ಆ ಮಾತನ್ನಿಟ್ಟ ನಮ್ಮೆಲ್ಲರ ಮೇಲೆ. ಮೆಟ್ರೋ ಕಂಬಗಳ ಬುಡದಲ್ಲಿ, ಕಟ್ಟಡಗಳ ಸಾರುವೆಯ ಕೆಳಗೆ, ಕಂಕುಳಲ್ಲಿ ಕೂಸು ಕಟ್ಟಿಕೊಂಡು ಸಿಮೆಂಟಿನ ಬಾಣಲಿ ಹೊರುವ ಹೆಂಗಸರು ಯಾರಿಗೂ ಕಾಣುವುದಿಲ್ಲವೇ? ಹೆಣ್ಣು ಬಿಸಿಲಿನಲ್ಲಿ ಬಾಣಲಿ ಹೊರಬಹುದು, ನಕ್ಷೆ ಹಿಡಿದು ನಿಲ್ಲಬಾರದು! ಇದು ಯಾವ ಊರಿನ ನ್ಯಾಯ?

ಆದ್ದರಿಂದ ತಾಯಂದಿರಲ್ಲಿ ನನ್ನ ವಿನಂತಿ. ಈ ರಜೆಯಲ್ಲಿ ನಿಮ್ಮ ಮಗಳ ಕೈಗೆ ಒಂದು ಸಣ್ಣ ಗರಗಸ, ಒಂದು ಕಟ್ಟು ಕಡ್ಡಿ, ಒಂದು ಡಬ್ಬಿ ಅಂಟು ಕೊಡಿ. ಊಟದ ಮೇಜಿನ ಅರ್ಧ ಭಾಗವನ್ನು ಹದಿನೈದು ದಿನ ಅವಳಿಗೆ ಬಿಟ್ಟುಕೊಡಿ. ಬೇಕಿದ್ದರೆ ನೆಲದ ಮೇಲೆ ಕೂತು ಊಟ ಮಾಡೋಣ. ಅವಳು ಕಟ್ಟಿದ್ದರ ಮೇಲೆ ತೆಂಗಿನಕಾಯಿ ಇಟ್ಟು ನೋಡಿ. ಮುರಿದರೆ ಬಯ್ಯಬೇಡಿ, ಎಲ್ಲಿ ಮುರಿಯಿತು ಎಂದು ಕೇಳಿ. ಮನಸ್ಸಾದರೆ ನೀವೂ ಪಕ್ಕದಲ್ಲಿ ಕೂತು ಒಂದನ್ನು ಕಟ್ಟಿ, ಧೂಳು ಒಂದು ದಿನ ಹಾಗೆಯೇ ಇರಲಿ. ಆಟದ ರೈಲಿಗೆ ಇಷ್ಟು ದೊಡ್ಡ ಸೇತುವೆ ಏಕೆಂದರೆ, ಚಿಕ್ಕದಾಗಿದ್ದರೆ ಅದನ್ನು ಹುಡುಗಿಯರಿಗೆ ಬಿಟ್ಟುಕೊಟ್ಟು ಮರೆತುಬಿಡುತ್ತಿದ್ದೆವು.

ಆಯುಧಪೂಜೆಯ ದಿನ ಪೀಣ್ಯದಲ್ಲಿ ಒಂದೊಂದು ಲೇತ್ ಮೆಷಿನ್ನಿಗೂ ಬಾಳೆಕಂದು, ಕುಂಬಳಕಾಯಿ. ಅದರ ಹಿಂದಿನ ದಿನ ಆ ಹುಡುಗಿ ಶಾಲೆಗೆ ಬಂದಿದ್ದಳು. ಗರಗಸಕ್ಕೆ, ಎಂಜಿನ್ನಿಗೆ ಕುಂಕುಮ ಇಟ್ಟಳು. ರೈಲನ್ನು ಒಂದು ಸಲ ಓಡಿಸಿ, ನೆಲದ ಮೇಲೆ ಕೆನ್ನೆಯಿಟ್ಟು ನೋಡಿ, "ಇಲ್ಲಿ ಇನ್ನೊಂದು ಕಾರ್ಡು ಬೇಕು ಮಿಸ್" ಎಂದಳು. ಆ ವಾರ ಬಂದಿದ್ದ ಲಗ್ನಪತ್ರಿಕೆಯೊಂದು ನನ್ನ ಚೀಲದಲ್ಲಿತ್ತು, ಕೊಟ್ಟೆ. ಕತ್ತರಿ ಎಲ್ಲಿದೆಯೆಂದು ಅವಳು ಕೇಳಲಿಲ್ಲ.